ಹಿರಿಯ ಗೆಲಕ್ಸಿಗಳಲ್ಲಿ ನಕ್ಷತ್ರಜನನ ನಿಂತುದೇಕೆ?

ಬಿಸು ಹಬ್ಬದ ದಿನ ರಾತ್ರಿ ಹನ್ನೊಂದೂವರೆ ಗಂಟೆಯ ಸುಮಾರಿಗೆ ಮಂಗಳೂರಿನ ಯಾವುದಾದರೊಂದು ಅಂಗಳದಲ್ಲಿ ನಿಂತು ನೆತ್ತಿಯ ನೇರಕ್ಕೆ ನೋಡಿದರೆ ನಮ್ಮ ದೃಷ್ಟಿ ಆಕಾಶದ ಒಂದು ವಿಶೇಷ ತಾಣವನ್ನು ಸಂಧಿಸುತ್ತದೆ. ಅದರ ಪಶ್ಚಿಮಕ್ಕೆ ಸಿಂಹರಾಶಿಯ ಬಾಲದಲ್ಲಿರುವ ಉತ್ತರಾ ನಕ್ಷತ್ರ, ಪೂರ್ವಕ್ಕೆ ಕನ್ಯಾರಾಶಿಯ ಸಾಧಾರಣ ಕಾಂತಿಯ ಒಂದು ತಾರೆ. ಇವೆರಡರ ನಡುವೆ ಬರಿಗಣ್ಣಿಗೆ ಕಾಣುವಂಥದು ಏನೂ ಇಲ್ಲ. ಆದರೆ ಮೂರು ಅಂಗುಲ ಮಸೂರದ ಸಾಮಾನ್ಯ ದೂರದರ್ಶಕವೊಂದನ್ನು ಪಟ್ಟಣದ ದೀಪಗಳಿಂದ ದೂರ ಒಯ್ದು ಆ ಕಡೆಗೆ ತಿರುಗಿಸಿದರೆ ದುಂಡನೆಯ ಒಂದು ಮಸಕು ಗೋಚರಿಸುತ್ತದೆ. ಫ್ರಾನ್ಸಿನ ಶಾರ್ಲ್ ಮೆಸ್ಸಿಯೇ ೧೭೮೧ರಲ್ಲಿ ತನ್ನ ಪಟ್ಟಿಯಲ್ಲಿ ಇದಕ್ಕೆ ೮೭ನೆಯ ಸ್ಥಾನವನ್ನು ಕೊಟ್ಟುದರಿಂದ ಇದನ್ನು ಎಂ-೮೭ ಎಂದು ಕರೆಯುತ್ತಾರೆ. ಆಕಾಶದ ವಿಷುವದ್ವೃತ್ತದಿಂದ ಉತ್ತರಕ್ಕೆ ಇದು ಎಷ್ಟು ಅಂಶ ದೂರದಲ್ಲಿದೆಯೋ, ಭೂಮಿಯ ವಿಷುವದ್ವೃತ್ತದಿಂದ ಮಂಗಳೂರೂ ಬಹುಮಟ್ಟಿಗೆ ಅಷ್ಟೇ ದೂರದಲ್ಲಿದೆ. ವ್ಯತ್ಯಾಸ ಹುಣ್ಣಿಮೆಯ ಚಂದ್ರಬಿಂಬದ ಅಗಲದಷ್ಟು ಮಾತ್ರ. ಆದುದರಿಂದ ಈ ಮಸಕು ಪ್ರತಿದಿನವೂ ಒಮ್ಮೆ ಮಂಗಳೂರಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ.

ಎಂ-೮೭ ನಮ್ಮಿಂದ ಸುಮಾರು ೫ ಕೋಟಿ ೪೦ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿರುವ ಒಂದು ಗೆಲಕ್ಸಿ. ಗೆಲಕ್ಸಿಯೆಂದರೆ ನಮ್ಮ ಆಕಾಶಗಂಗೆಯಂತೆ ಅಸಂಖ್ಯ ನಕ್ಷತ್ರಗಳು, ಅನಿಲ ಮತ್ತು ಧೂಳು ಪರಸ್ಪರ ಆಕರ್ಷಣೆಯಿಂದ ಕೂಡಿಕೊಂಡಿರುವ ಮಹಾಸಮೂಹ. ಎಂ-೮೭ರಲ್ಲಿರುವ ನಕ್ಷತ್ರಗಳ ಸಂಖ್ಯೆ ನಮ್ಮ ಆಕಾಶಗಂಗೆಯಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದರೆ ಆ ಅಪಾರ ಸಂಸಾರದಲ್ಲಿ ತೊಟ್ಟಿಲುಗಳಿಲ್ಲ. ಅಲ್ಲಿರುವ ನಕ್ಷತ್ರಗಳೆಲ್ಲ ಹೆಚ್ಚುಕಡಿಮೆ ಮುದುಕರೇ. ಹೊಸದಾಗಿ ಹುಟ್ಟುವ ನಕ್ಷತ್ರಗಳು ನಾಮಮಾತ್ರ. ನಮ್ಮ ಆಕಾಶಗಂಗೆಯಾದರೋ ಈಗಲೂ ವರ್ಷಕ್ಕೆ ಸುಮಾರು ಎರಡು ಸೂರ್ಯರಷ್ಟು ದ್ರವ್ಯವನ್ನು ನಕ್ಷತ್ರಗಳನ್ನಾಗಿ ಮಾರ್ಪಡಿಸುತ್ತಿದೆ.

ಒಂದು ಗೆಲಕ್ಸಿಯ ವಯೋಮಾನವನ್ನು ಇಷ್ಟು ದೂರದಿಂದ ತಿಳಿಯುವುದು ಹೇಗೆ ಎಂದು ವಾಚಕರು ಕೇಳಬಹುದು. ಅದರ ಬಣ್ಣವೇ ಅದನ್ನು ಸಾರುತ್ತದೆ. ನಕ್ಷತ್ರಗಳಲ್ಲಿ ಭಾರಿಯಾದವು ಅತ್ಯಂತ ಬಿಸಿಯಾಗಿ ನೀಲಿಯಾಗಿ ಉರಿಯುತ್ತವೆ; ದುಂದುಗಾರರಂತೆ ತಮ್ಮ ಗಂಟನ್ನೆಲ್ಲ ಬೇಗನೆ ಕಳೆದುಕೊಳ್ಳುತ್ತವೆ. ಸೂರ್ಯನ ಇಪ್ಪತ್ತರಷ್ಟು ದ್ರವ್ಯವುಳ್ಳ ನಕ್ಷತ್ರದ ಆಯುಸ್ಸು ಸುಮಾರು ೧ ಕೋಟಿ ವರ್ಷ ಮಾತ್ರ. ಮಿತವ್ಯಯಿಯಾದ ಸೂರ್ಯನದು ೧,೦೦೦ ಕೋಟಿ ವರ್ಷ. ಆದುದರಿಂದ ನೀಲಿಯಾಗಿ ಕಾಣುವ ಗೆಲಕ್ಸಿಯಲ್ಲಿ ಮೊನ್ನೆ ಮೊನ್ನೆ, ಅಂದರೆ ಕಳೆದ ಕೆಲವು ಕೋಟಿ ವರ್ಷಗಳಲ್ಲಿ, ನಕ್ಷತ್ರಜನನ ನಡೆದಿರಲೇಬೇಕು. ಕೆಂಪುಹಳದಿಯಾಗಿ ಕಾಣುವ ಗೆಲಕ್ಸಿಯಲ್ಲಿ ಅದು ಬಹುಕಾಲದ ಹಿಂದೆಯೇ ನಿಂತುಹೋಗಿರಬೇಕು. ಹೀಗೆ ಲಕ್ಷಾಂತರ ಗೆಲಕ್ಸಿಗಳನ್ನು ವಿಂಗಡಿಸಿ ನೋಡಿದಾಗ ಒಂದು ವಿಚಿತ್ರ ಕಂಡುಬಂದಿದೆ. ಕಿರಿಯ ಗೆಲಕ್ಸಿಗಳಲ್ಲಿ ಬಹುಪಾಲು ನೀಲಿ. ಅತ್ಯಂತ ಹಿರಿಯವು ಬಹುಮಟ್ಟಿಗೆ ಎಲ್ಲವೂ ಕೆಂಪು. ಇವು ವಿಶ್ವದ ವಯಸ್ಸಾದ ೧,೩೮೦ ಕೋಟಿ ವರ್ಷಗಳಲ್ಲಿ ಮೊದಲ ಕೆಲವು ನೂರು ಕೋಟಿಯಲ್ಲಿಯೇ ಭರದಿಂದ ನಕ್ಷತ್ರಗಳನ್ನು ಹಡೆದು, ಥಟ್ಟನೆ ನಿಲ್ಲಿಸಿಬಿಟ್ಟಂತೆ ತೋರುತ್ತದೆ.

ಇದು ವಿಚಿತ್ರವೆನ್ನಲು ಕಾರಣವಿದೆ. ಹಿರಿಯ ಗೆಲಕ್ಸಿಯ ಆಕರ್ಷಣೆ ಹೆಚ್ಚು. ಸುತ್ತಲಿನ ಅನಿಲವನ್ನು ಅದು ಹೆಚ್ಚು ಸೆಳೆದುಕೊಳ್ಳಬೇಕು. ಅದಕ್ಕೆ ತಕ್ಕಂತೆ ಹೆಚ್ಚು ನಕ್ಷತ್ರಗಳು ಹುಟ್ಟಬೇಕು. ಆದುದು ಇದಕ್ಕೆ ವಿರುದ್ಧ. ಉಳ್ಳವರ ಮನೆಯಲ್ಲಿಯೇ ಒಲೆ ಹೊತ್ತದಿರುವುದೇಕೆ?

ನಕ್ಷತ್ರವು ಹುಟ್ಟುವ ಬಗೆಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು. ಅನಿಲದ ಮೋಡವೊಂದು ತನ್ನ ಭಾರದಿಂದ ತಾನೇ ಕುಸಿದು ಮುದ್ದೆಯಾದರೆ ನಕ್ಷತ್ರವಾಗುತ್ತದೆ. ಆದರೆ ಅನಿಲ ಬಿಸಿಯಾಗಿದ್ದರೆ ಅದರ ಒತ್ತಡ ಕುಸಿತಕ್ಕೆ ಅಡ್ಡಬರುತ್ತದೆ. ಆದುದರಿಂದ ಅದು ಅತಿ ತಣ್ಣಗಿರಬೇಕು. ಎಷ್ಟು ತಣ್ಣಗೆಂದರೆ, ನಕ್ಷತ್ರಗಳು ಮೈದಳೆಯುವ ಜಲಜನಕದ ಮೋಡಗಳ ಉಷ್ಣತೆ ಸೊನ್ನೆಗಿಂತ ಸುಮಾರು ೨೬೦ ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ಬರಿಯ ಅನಿಲವಿದ್ದರೆ ಸಾಲದು, ಅದು ತಣಿದಿರಬೇಕು. ಈ ವ್ಯತ್ಯಾಸವನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಂಗಳೂರಿನ ಗಾಳಿಯಲ್ಲಿ ನೀರಿನ ಆವಿಗೆ ಕೊರತೆಯೆ? ಮೈಯ ಬೆವರು ಆರುವುದಿಲ್ಲ, ಡಬ್ಬಿಯ ಹಪ್ಪಳ ಮೆತ್ತಗಾಗುತ್ತದೆ. ಆದರೂ ಮಳೆ ಬೀಳುವುದಿಲ್ಲ. ಆ ಆವಿ ಮೇಲೇರಿ, ತಣಿದು, ಹನಿಗಟ್ಟಿದರೆ ತಾನೆ ಮಳೆ? ಗೆಲಕ್ಸಿಗಳ ವಿಷಯದಲ್ಲಿಯೂ ಹಾಗೆಯೇ. ನಕ್ಷತ್ರಜನನ ನಿಲ್ಲಬೇಕಾದರೆ ಇರುವ ತಣ್ಣನೆಯ ಅನಿಲವು ಹೊರಕ್ಕೆ ಎಸೆಯಲ್ಪಡಬೇಕು, ಇಲ್ಲವೆ ಅದು ಖರ್ಚಾದ ಮೇಲೆ ಹೊಸ ಅನಿಲವು ತಣಿಯದಂತೆ ಯಾವುದೋ ಒಂದು ಅದನ್ನು ಕಾಯಿಸುತ್ತಿರಬೇಕು. ಈ ಎರಡರಲ್ಲಿ ಯಾವುದು ನಡೆದಿದೆ, ಅಥವಾ ಎರಡೂ ಹೇಗೆ ಕೂಡಿ ನಡೆದಿವೆ ಎಂಬುದೇ ಪ್ರಸ್ತುತ ವಿಚಾರ.

ಅನಿಲವು ಆಕಾಶಕಾಯದಿಂದ ಹೊರಕ್ಕೆ ಹರಿಯುವುದು ಅಪರೂಪದ ಸಂಗತಿಯಲ್ಲ. ನಮ್ಮ ಸೂರ್ಯನೇ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಮಿಗಿಲಾದ ದ್ರವ್ಯವನ್ನು ಸೌರಮಾರುತದ ರೂಪದಲ್ಲಿ ತೂರುತ್ತಿದ್ದಾನೆ. (ಈ ಮಾರುತವು ಎಡೆಬಿಡದೆ ಬೀಸುವಂಥದೆಂಬುದನ್ನು ಮ್ಯಾರಿನರ್-೨ ನೌಕೆಯ ಅಳತೆಗಳಿಂದ ದೃಢಪಡಿಸಿದವರಲ್ಲಿ ೧೯೩೨ರಲ್ಲಿ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಒಬ್ಬರೆಂಬುದನ್ನು ನಮ್ಮ ಜಿಲ್ಲೆಗಳವರು ನೆನೆಯಬಹುದು.) ಆದರೆ ಒಂದು ಇಡಿಯ ಗೆಲಕ್ಸಿಯನ್ನು ಬರಿದುಮಾಡಬಲ್ಲ ಮಾರುತಕ್ಕೆ ಇಂಥ ಉಸಿರು ಸಾಲದು. ಅಲ್ಲಿ ಮೊದಲು ಶಂಕೆಗೆ ಒಳಗಾದುವು ಸೂಪರ್‌ನೋವಾಗಳು, ಅಂದರೆ ಭಾರಿ ನಕ್ಷತ್ರಗಳು ಸಾಯುವಾಗ ಆಗುವ ಮಹಾಸ್ಫೋಟಗಳು. ಸಪ್ತರ್ಷಿಮಂಡಲದ ಎಲ್ಲೆಯಲ್ಲಿ, ೧ ಕೋಟಿ ೨೦ ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿ, ಎಂ-೮೨ ಎಂಬ ಗೆಲಕ್ಸಿಯಿದೆ. ಅದರ ನಡುವಿನಿಂದ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳಂತೆ ಜಲಜನಕವು ಚಿಮ್ಮುತ್ತಿರುವುದನ್ನು ಲಿಂಡ್ಸ್ ಮತ್ತು ಸ್ಯಾಂಡೇಜ್ ಎಂಬ ವಿಜ್ಞಾನಿಗಳು ೧೯೬೩ರಲ್ಲಿ ಪ್ರಕಟಿಸಿದರು. ಅಲ್ಲಿ ನಕ್ಷತ್ರಗಳು ವಿಪರೀತವಾಗಿ ಹುಟ್ಟುತ್ತಿವೆ. ವಿಪರೀತವಾಗಿ ಹುಟ್ಟಿದುದರಿಂದ ವಿಪರೀತವಾಗಿ ಸಿಡಿಯುತ್ತಲೂ ಇವೆ. ಆ ಸಿಡಿತವೇ ಮುಂದಿನ ಸಂತಾನಕ್ಕೆ ಬೇಕಾದ ಅನಿಲವನ್ನು ಹೊರದೂಡುತ್ತಿದೆ.

ಸ್ಫೋಟವೊಂದರ ಬಲ ಹೀಗೆ ಗೆಲಕ್ಸಿಯ ಹೊರಕ್ಕೆ ತಲಪುವುದು ಹೇಗೆಂಬುದು ಮೇಲ್ನೋಟಕ್ಕೆ ತೋರುವಷ್ಟು ಸುಲಭದ ಪ್ರಶ್ನೆಯಲ್ಲ. ಈ ಬಗ್ಗೆ ಬೆಂಗಳೂರಿನಲ್ಲಿ ನಡೆದ ಕೆಲಸ ಉಲ್ಲೇಖಾರ್ಹವಾದುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮ, ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಮತ್ತು ಅವರ ಸಂಗಡಿಗರು ೨೦೧೪ರಲ್ಲಿ ಗಣಕಯಂತ್ರದ ಲೆಕ್ಕಾಚಾರಗಳಿಂದ ತೋರಿಸಿಕೊಟ್ಟಿರುವಂತೆ, ಒಂಟಿಯಾಗಿ ಸಿಡಿಯುವ ಸೂಪರ್‌ನೋವಾ ತನ್ನ ಶಕ್ತಿಯನ್ನು ಸುತ್ತಣ ದಟ್ಟ ಅನಿಲಕ್ಕೆ ಕೊಟ್ಟು, ಅದು ಬೆಳಕಾಗಿ ಸೋರಿಹೋಗುವುದನ್ನು ತಡೆಯಲಾರದೆ ಬೇಗನೆ ನಂದಿಹೋಗುತ್ತದೆ. ಅದೇ ಒಂದೇ ಗುಂಪಿನಲ್ಲಿ ಹುಟ್ಟಿದ ನೂರಾರು ನಕ್ಷತ್ರಗಳು ಒಂದರ ಬೆನ್ನಿಗೆ ಒಂದು ಸಿಡಿದರೆ, ಮೊದಲಿನವು ತೆರವುಮಾಡಿದ ಬಿಸಿ ಗುಳ್ಳೆಯೊಳಗೆ ಮುಂದಿನವು ಸಿಡಿಯುವುದರಿಂದ ಶಕ್ತಿಯ ಗಣನೀಯ ಭಾಗ ಉಳಿದುಕೊಳ್ಳುತ್ತದೆ. ಅಂಗಳದ ತುಂಬ ಒಂದೊಂದೇ ತೆಂಗಿನ ಸೋಗೆಯನ್ನು ಬೇರೆಬೇರೆ ಹೊತ್ತಿಸಿದರೆ ಬಚ್ಚಲ ಹಂಡೆಯ ನೀರು ಕಾಯದು. ಅಷ್ಟನ್ನೇ ಒಲೆಗೆ ಒಟ್ಟಿ ಉರಿಸಿದರೆ ಕುದಿಯುತ್ತದೆ.

ಕಿರಿಯ ಗೆಲಕ್ಸಿಗಳಿಗೆ ಈ ಉತ್ತರ ಸಾಕು. ಅವುಗಳ ಆಕರ್ಷಣೆ ದುರ್ಬಲ; ಚಿಮ್ಮಿದ ಅನಿಲ ಹೊರಟುಹೋಗುತ್ತದೆ. ಹಿರಿಯವುಗಳಲ್ಲಿ ಈ ಯುಕ್ತಿ ಸೋಲುತ್ತದೆ. ಅವುಗಳ ಆಕರ್ಷಣೆ ಪ್ರಬಲವಾದುದಲ್ಲದೆ, ಅವುಗಳ ಸುತ್ತ ಬಿಸಿ ಅನಿಲದ ದೊಡ್ಡದೊಂದು ಪ್ರಭಾವಳಿ ಕವಿದಿರುತ್ತದೆ. ಒಳಗಿನಿಂದ ಹೊರಟ ಮಾರುತ ಆ ಪ್ರಭಾವಳಿಯನ್ನು ತಳ್ಳಿಕೊಂಡು ಹೋಗಬೇಕು. ಬಹಳಷ್ಟು ಅನಿಲ ದಾರಿಯಲ್ಲಿಯೇ ದಣಿದು ಉಳಿಯುತ್ತದೆ. ಇನ್ನೂ ಬಲವಾದ ಯಂತ್ರವೊಂದು ಬೇಕು.

ಅಂಥ ಯಂತ್ರ ಹಿರಿಯ ಗೆಲಕ್ಸಿಗಳ ನಟ್ಟನಡುವೆ ಇದೆ. ಅದೇ ಮಹಾಕೃಷ್ಣವಿವರ, ಅಂದರೆ ಬೆಳಕನ್ನೂ ಹೊರಬಿಡದಷ್ಟು ಸಾಂದ್ರವಾದ ದ್ರವ್ಯರಾಶಿ. ಎಂ-೮೭ರ ಕೃಷ್ಣವಿವರದ ದ್ರವ್ಯ ಸೂರ್ಯನ ಸುಮಾರು ೬೫೦ ಕೋಟಿಯಷ್ಟು. ೨೦೧೯ರ ಏಪ್ರಿಲ್‌ನಲ್ಲಿ ಪ್ರಕಟವಾದ ಕೃಷ್ಣವಿವರದ ಮೊತ್ತಮೊದಲ ಚಿತ್ರ ಇದರದೇ. ಎಲ್ಲವನ್ನೂ ನುಂಗುವುದೆಂದು ಹೆಸರಾದ ವಸ್ತು ಹೊರಕ್ಕೆ ಗಾಳಿಯನ್ನು ಊದುವುದೆಂದರೆ ಏನರ್ಥ? ಕೃಷ್ಣವಿವರದೊಳಕ್ಕೆ ಬೀಳುವ ಅನಿಲ ನೇರವಾಗಿ ಬೀಳುವುದಿಲ್ಲ. ಸುತ್ತ ಸುತ್ತ ತಿರುಗಿ, ತನ್ನೊಳಗೇ ತಿಕ್ಕಾಡಿ, ಅತಿಯಾಗಿ ಕಾದು, ಬೀಳುವ ಮುನ್ನ ತನ್ನ ದ್ರವ್ಯಶಕ್ತಿಯ ಸುಮಾರು ಹತ್ತನೆಯ ಒಂದು ಪಾಲನ್ನು ಹೊರಸೂಸುತ್ತದೆ. ಪರಮಾಣು ಸ್ಥಾವರಗಳಲ್ಲಿ ನಡೆಯುವ ಕ್ರಿಯೆಯಲ್ಲಿ ಇದರ ನೂರನೆಯ ಒಂದು ಪಾಲೂ ಹೊರಬರದು.

ಲೆಕ್ಕವೊಂದನ್ನು ಮಾಡಿ ನೋಡೋಣ. ಹಿರಿಯ ಗೆಲಕ್ಸಿಯೊಂದರಲ್ಲಿ ನಕ್ಷತ್ರಗಳು ಸೆಕೆಂಡಿಗೆ ಸುಮಾರು ೩೦೦ ಕಿಲೋಮೀಟರ್ ವೇಗದಲ್ಲಿ ಅಲೆದಾಡುತ್ತವೆ. ಬೆಳಕಿನ ವೇಗ ೩ ಲಕ್ಷ ಕಿಲೋಮೀಟರ್. ಎಂದರೆ ಅದರ ಸಾವಿರದ ಒಂದು ಪಾಲು. ಗೆಲಕ್ಸಿಯನ್ನು ಕೂಡಿಸಿ ಹಿಡಿದಿರುವ ಶಕ್ತಿ ಈ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಅದು ಗೆಲಕ್ಸಿಯ ಒಟ್ಟು ದ್ರವ್ಯಶಕ್ತಿಯ ಹತ್ತು ಲಕ್ಷದ ಒಂದು ಪಾಲು. ಇನ್ನು ಕೃಷ್ಣವಿವರದ ಕಡೆ ನೋಡಿದರೆ, ಅದರ ದ್ರವ್ಯ ಗೆಲಕ್ಸಿಯ ಸುಮಾರು ಸಾವಿರದ ಒಂದು ಪಾಲು. ಅದು ಬೆಳೆಯುವಾಗ ಹೊರಬಿದ್ದ ಶಕ್ತಿ ಇದರ ಹತ್ತನೆಯ ಒಂದು ಪಾಲು. ಅಂದರೆ ಗೆಲಕ್ಸಿಯ ದ್ರವ್ಯಶಕ್ತಿಯ ಹತ್ತು ಸಾವಿರದ ಒಂದು ಪಾಲು. ಇದು ಹಿಂದಿನದರ ನೂರರಷ್ಟು! ಗೆಲಕ್ಸಿಯ ಹೋಲಿಕೆಯಲ್ಲಿ ಗೋಡಂಬಿ ಬೀಜದಷ್ಟೂ ಇಲ್ಲದ ಒಂದು ವಸ್ತು ಅದನ್ನು ಚದರಿಸಲು ಬೇಕಾದುದಕ್ಕಿಂತ ನೂರು ಪಾಲು ಶಕ್ತಿಯನ್ನು ಉಗುಳಿದೆಯೆಂದಾಯಿತು. ಇದರಲ್ಲಿ ನೂರಕ್ಕೆ ಒಂದು ಪಾಲು ಅನಿಲಕ್ಕೆ ತಗುಲಿದರೂ ಸಾಕು. ಜೋಸೆಫ್ ಸಿಲ್ಕ್ ಮತ್ತು ಮಾರ್ಟಿನ್ ರೀಸ್ ೧೯೯೮ರಲ್ಲಿ ಈ ಬಗೆಯ ತರ್ಕವನ್ನು ಮುಂದಿಟ್ಟ ಮೇಲೆ, ಕೃಷ್ಣವಿವರವೇ ನಕ್ಷತ್ರಜನನವನ್ನು ನಿಲ್ಲಿಸುತ್ತದೆಂಬ ಮಾತು ಶಾಸ್ತ್ರಜ್ಞರಲ್ಲಿ ಬಲವಾಗಿ ಬೇರೂರಿತು.

ಆದರೆ ಶಕ್ತಿಯಿದೆ ಎಂದು ತೋರಿಸುವುದು ಬೇರೆ, ಅದು ಆ ಕೆಲಸ ಮಾಡಿದೆ ಎಂದು ತೋರಿಸುವುದು ಬೇರೆ. ಸಾಕ್ಷ್ಯ ಬೇಕು. ಮಾರ್ಕಾರಿಯನ್ ೨೩೧ ಎಂಬ ಗೆಲಕ್ಸಿಯಲ್ಲಿ ೨೦೧೦ರಲ್ಲಿ ಒಂದು ಒಳ್ಳೆಯ ಸಾಕ್ಷ್ಯ ದೊರೆಯಿತು. ಅದರ ಕೃಷ್ಣವಿವರ ಭರದಿಂದ ನುಂಗುತ್ತಿರುವ ಸ್ಥಿತಿಯಲ್ಲಿದೆ. ಅಲ್ಲಿಂದ ತಣ್ಣನೆಯ ಅಣುರೂಪದ ಅನಿಲವೇ ವರ್ಷಕ್ಕೆ ಸುಮಾರು ೭೦೦ ಸೂರ್ಯರಷ್ಟು ಹೊರಹರಿಯುತ್ತಿರುವುದು ರೇಡಿಯೋ ಅಳತೆಗಳಿಂದ ಕಂಡುಬಂತು. ನಕ್ಷತ್ರಗಳಾಗುತ್ತಿರುವುದು ವರ್ಷಕ್ಕೆ ೨೦೦ ಸೂರ್ಯರಷ್ಟು. ಬಂದುದಕ್ಕಿಂತ ಮೂರೂವರೆ ಪಾಲು ಸೋರಿಹೋಗುವ ಕೊಡ ಎಷ್ಟು ಹೊತ್ತು ತುಂಬಿದ್ದೀತು? ಸುಮಾರು ಒಂದು ಕೋಟಿ ವರ್ಷಗಳಲ್ಲಿ ಬರಿದಾಗುವುದೆಂದು ಅಂದಾಜು. ಗೆಲಕ್ಸಿಗಳ ಕಾಲಮಾನದಲ್ಲಿ ಅದು ಒಂದು ನಿಮಿಷವೇ ಸರಿ.

ಆದರೂ ಇದು ನಮ್ಮ ನೆರೆಹೊರೆಯ ಒಂದು ಅಸಾಮಾನ್ಯ ಉದಾಹರಣೆ. ಹಿರಿಯ ಗೆಲಕ್ಸಿಗಳು ನಿಜವಾಗಿ ನಂದಿಹೋದುದು ಸಾವಿರ ಕೋಟಿ ವರ್ಷಗಳ ಹಿಂದೆ. ಅಷ್ಟು ಹಿಂದಿನ ಘಟನೆಯನ್ನು ನೋಡಬೇಕಾದರೆ ಅಷ್ಟು ದೂರಕ್ಕೆ ನೋಡಬೇಕು. ಹಾಗೆ ನೋಡಿದಾಗ ಬಹುಕಾಲದವರೆಗೆ ಕಂಡದ್ದು ವಿದ್ಯುದಾವೇಶ ಹೊಂದಿದ ಬಿಸಿ ಅನಿಲದ ಹೊರಹರಿವು ಮಾತ್ರ; ಅದರ ಮೊತ್ತ ತೀರ ಕಡಿಮೆ. ಅಷ್ಟರಿಂದ ಗೆಲಕ್ಸಿಯೊಂದು ಬರಿದಾಗುವುದು ಸಾಧ್ಯವಿಲ್ಲ. ಎಲ್ಲರೂ ಒಪ್ಪಿದ್ದ ಸಿದ್ಧಾಂತಕ್ಕೆ ನೇರವಾದ ಸಾಕ್ಷಿಯೇ ಇಲ್ಲವೆಂಬ ಸ್ಥಿತಿ ಇದಾಗಿತ್ತು.

ಈ ಕೊರತೆಯನ್ನು ತುಂಬಿದುದು ಸೋಡಿಯಂ ಎಂಬ ಮನೆಬಳಕೆಯ ಧಾತು. ಉಪ್ಪು ಹಾಕಿದ ಸಾರು ಕುದಿದು ಉಕ್ಕಿ ಗ್ಯಾಸಿನ ಒಲೆಗೆ ಬಿದ್ದರೆ ನೀಲಿ ಜ್ವಾಲೆ ಒಮ್ಮೆಲೇ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಆ ಹಳದಿಯೇ ಉಪ್ಪಿನಲ್ಲಿರುವ ಸೋಡಿಯಂನ ಸಹಿ. ಬಿಸಿಯಾದಾಗ ಯಾವ ಬಣ್ಣವನ್ನು ಸೂಸುವುದೋ, ತಣ್ಣಗಿರುವಾಗ ಅದೇ ಬಣ್ಣವನ್ನು ಹಿಂದಿನಿಂದ ಬರುವ ಬೆಳಕಿನಿಂದ ಹೀರಿಕೊಳ್ಳುವುದು ಪರಮಾಣುಗಳ ಸ್ವಭಾವ. ಆದುದರಿಂದ ಗೆಲಕ್ಸಿಯೊಂದರ ಮುಂದೆ ಸೋಡಿಯಂ ಬೆರೆತ ತಣ್ಣನೆಯ ಅನಿಲವಿದ್ದರೆ, ಗೆಲಕ್ಸಿಯ ರೋಹಿತದಲ್ಲಿ ಆ ಹಳದಿಯ ಜಾಗದಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಸೋಡಿಯಂ ಪರಮಾಣು ಬಹು ನಾಜೂಕಿನದು. ತೀಕ್ಷ್ಣವಾದ ಬೆಳಕು ತಗುಲಿದರೆ ತನ್ನ ಇಲೆಕ್ಟ್ರಾನನ್ನು ಕಳೆದುಕೊಂಡು ಈ ಗೆರೆಯನ್ನು ಮೂಡಿಸದೆ ಹೋಗುತ್ತದೆ. ಗೆರೆ ಕಂಡಿತೆಂದರೆ ಅಲ್ಲಿ ತಂಪಾದ, ಮರೆಯಾದ, ನಕ್ಷತ್ರಗಳಾಗಬಲ್ಲ ಅನಿಲ ಬಹಳವಾಗಿದೆಯೆಂದೇ ತಿಳಿಯಬೇಕು. ಆ ಗೆರೆ ತನ್ನ ಸಹಜ ಸ್ಥಾನದಿಂದ ನೀಲಿಯ ಕಡೆಗೆ ಸರಿದಿದ್ದರೆ ಅನಿಲ ನಮ್ಮ ಕಡೆಗೆ, ಎಂದರೆ ಗೆಲಕ್ಸಿಯಿಂದ ಹೊರಕ್ಕೆ, ಧಾವಿಸುತ್ತಿದೆ ಎಂದರ್ಥ. ನಮ್ಮ ಕಡೆಗೆ ಓಡಿಬರುವ ರೈಲಿನ ಸೀಟಿಯ ದನಿ ಏರಿ ಕೇಳಿಸುವುದೂ ಇದೇ ತತ್ತ್ವದಿಂದ.

ತೊಡಕಿದ್ದುದು ಒಂದೇ. ವಿಶ್ವದ ಹಿಗ್ಗುವಿಕೆಯಿಂದಾಗಿ ಅಷ್ಟು ದೂರದ ಗೆಲಕ್ಸಿಯ ಬೆಳಕಿನ ಅಲೆಗಳು ಹಿಗ್ಗಲಿಸಲ್ಪಟ್ಟು, ಸೋಡಿಯಂನ ಹಳದಿ ನಮ್ಮನ್ನು ತಲಪುವಾಗ ಕಣ್ಣಿಗೆ ಕಾಣದ ಅವಕೆಂಪಾಗಿರುತ್ತದೆ. ಅದನ್ನು ಚೆನ್ನಾಗಿ ಹಿಡಿಯಬಲ್ಲ ಸಾಧನ ೨೦೨೧ರ ಡಿಸೆಂಬರಿನಲ್ಲಿ ಹಾರಿಸಲ್ಪಟ್ಟ ಜೇಮ್ಸ್ ವೆಬ್ ದೂರದರ್ಶಕ. ಇಟಲಿಯ ಬೊಲೋನ್ಯ ವಿಶ್ವವಿದ್ಯಾನಿಲಯದ ಸಿರಿಯೊ ಬೆಲ್ಲಿ ಮತ್ತು ಸಂಗಡಿಗರು ಇದರಿಂದ ಒಂದು ಹಿರಿಯ ಗೆಲಕ್ಸಿಯ ರೋಹಿತವನ್ನು ಪಡೆದು ೨೦೨೪ರಲ್ಲಿ ಪ್ರಕಟಿಸಿದರು. ಅಲ್ಲಿಂದ ಬೆಳಕು ಹೊರಟು ಸುಮಾರು ೧,೧೦೦ ಕೋಟಿ ವರ್ಷಗಳಾಗಿವೆ. ಆ ಗೆಲಕ್ಸಿ ಅದೇ ಆಗ ವೇಗವಾಗಿ ನಂದುತ್ತಿತ್ತು. ದೀಪ ಆರುವ ಗಳಿಗೆಯಲ್ಲಿಯೇ ನಾವು ಬಾಗಿಲು ತೆರೆದು ನೋಡಿದಂತಾಯಿತು. ವಿದ್ಯುದಾವೇಶದ ಅನಿಲದ ಹೊರಹರಿವು ಅಲ್ಲಿಯೂ ಅಲ್ಪವೇ. ಆದರೆ ಸೋಡಿಯಂನ ಗೆರೆಗಳು ತೋರಿಸಿಕೊಟ್ಟ ತಂಪು ಅನಿಲದ ಹೊರಹರಿವು ವರ್ಷಕ್ಕೆ ಸುಮಾರು ೩೫ ಸೂರ್ಯರಷ್ಟು. ನಕ್ಷತ್ರಜನನವನ್ನು ಅಡಗಿಸಲು ಸಾಕಷ್ಟಾಯಿತು. ಇಷ್ಟು ದಿನ ತಪ್ಪಿಹೋಗಿದ್ದ ಮೊತ್ತ ಕಾಣದ ರೂಪದಲ್ಲಿ ಅಡಗಿದ್ದಿತು.

ಈ ಗೆಲಕ್ಸಿಯಲ್ಲಿ ಎಕ್ಸ್-ಕಿರಣಗಳಾಗಲಿ ರೇಡಿಯೋ ಗದ್ದಲವಾಗಲಿ ಕಾಣಿಸಲಿಲ್ಲವೆಂಬುದನ್ನೂ ಹೇಳಬೇಕು. ಕೃಷ್ಣವಿವರ ಅಲ್ಲಿದೆಯೆಂಬುದನ್ನು ಬಿಸಿ ಅನಿಲದ ಬೆಳಕಿನ ಲಕ್ಷಣಗಳಿಂದ ಊಹಿಸಲಾಗಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆ ಇದು. ಊಹೆ ಬಲವಾದುದಾದರೂ ಬೆಂಕಿಯನ್ನೇ ಕಂಡಂತಲ್ಲ.

ನಮ್ಮ ದೇಶದ ಸಾಧನವೊಂದು ಇದೇ ಪ್ರಶ್ನೆಯನ್ನು ಬೇರೊಂದು ಕಡೆಯಿಂದ ತಟ್ಟಿರುವುದು ಸಂತೋಷದ ಸಂಗತಿ. ೨೦೧೫ರ ಸೆಪ್ಟೆಂಬರ್ ೨೮ರಂದು ಕಕ್ಷೆ ಸೇರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಮುಂದಾಳುತನದಲ್ಲಿ ಸಿದ್ಧವಾದ ಅತಿನೇರಿಳೆ ದೂರದರ್ಶಕವಿತ್ತು. ಎಳೆಯ ಭಾರಿ ನಕ್ಷತ್ರಗಳು ಅತಿನೇರಿಳೆ ಬೆಳಕನ್ನು ಧಾರಾಳವಾಗಿ ಸೂಸುವುದರಿಂದ, ಗೆಲಕ್ಸಿಯಲ್ಲಿ ತೊಟ್ಟಿಲುಗಳು ಎಲ್ಲೆಲ್ಲಿವೆಯೆಂಬುದನ್ನು ಇಂಥ ಚಿತ್ರ ನೇರವಾಗಿ ತೋರಿಸುತ್ತದೆ. ಜೆಓ೨೦೧ ಎಂಬ ಗೆಲಕ್ಸಿಯೊಂದು ಸುಮಾರು ೭೦ ಕೋಟಿ ಜ್ಯೋತಿರ್ವರ್ಷ ದೂರದ ಗೆಲಕ್ಸಿಗಳ ಗುಚ್ಛವೊಂದರೊಳಕ್ಕೆ ಧುಮುಕುತ್ತಿದ್ದು, ಎದುರು ಒತ್ತಡಕ್ಕೆ ಅದರ ಅನಿಲ ಜೆಲ್ಲಿಮೀನಿನ ಎಳೆಗಳಂತೆ ಹಿಂದಕ್ಕೆ ಚಾಚಿಕೊಂಡಿದೆ. ಆ ಎಳೆಗಳಲ್ಲಿ ಸಹ ನಕ್ಷತ್ರಗಳು ಹುಟ್ಟುತ್ತಿವೆ. ಆದರೆ ಗೆಲಕ್ಸಿಯ ನಡುಭಾಗದಲ್ಲಿ ಅತಿನೇರಿಳೆ ಬೆಳಕು ಬಹಳ ಕಡಿಮೆಯಾಗಿ ಒಂದು ಗವಿಯಂತೆ ಕಂಡಿತು. ೨೦೧೯ರಲ್ಲಿ ಕೋಶಿ ಜಾರ್ಜ್ ಮತ್ತು ಸಂಗಡಿಗರು ತಿಳಿಸಿದಂತೆ, ಈ ಗವಿ ಇರುವುದು ಕೃಷ್ಣವಿವರದ ಪ್ರಖರ ವಿಕಿರಣ ಅನಿಲವನ್ನು ಕಾಯಿಸಿ ಕೆಡಿಸಿರುವ ಸ್ಥಳದಲ್ಲಿಯೇ. ಒಂದೇ ಗೆಲಕ್ಸಿಯೊಳಗೆ ಅಂಚಿನಲ್ಲಿ ಜನನ, ನಡುವಿನಲ್ಲಿ ಬಂಜೆತನ!

ಇಲ್ಲಿಗೆ ಕಥೆ ಮುಗಿಯುವುದಾದರೆ ಬಲು ಸುಲಭವಾಗುತ್ತಿತ್ತು. ಆದರೆ ನಮ್ಮ ನೆತ್ತಿಯ ಮೇಲಿನ ಎಂ-೮೭ನ್ನು ಮರೆಯಕೂಡದು. ಅದು ನಂದಿ ಎಷ್ಟೋ ನೂರು ಕೋಟಿ ವರ್ಷಗಳಾದುವು. ಹೊರದೂಡಿದ ಅನಿಲ ಮರಳಿ ಬರಬಹುದಾದಷ್ಟು, ಮುದಿ ನಕ್ಷತ್ರಗಳು ಕಳಚಿದ ಅನಿಲ ಹೊಸದಾಗಿ ಸೇರಬಹುದಾದಷ್ಟು ದೀರ್ಘವಾದ ಕಾಲವಿದು. ಒಮ್ಮೆ ಗುಡಿಸಿದ ಅಂಗಳ ಎಂದೆಂದಿಗೂ ಚೊ‌ಕ್ಕಟವಾಗಿರುವುದುಂಟೆ? ನಿಜಕ್ಕೂ ಎಂ-೮೭ರ ಸುತ್ತ ಅನಿಲವಿಲ್ಲದೆ ಇಲ್ಲ. ಕೋಟ್ಯಂತರ ಡಿಗ್ರಿ ಉಷ್ಣತೆಯ ಅನಿಲ ಅದನ್ನು ಆವರಿಸಿಕೊಂಡು ಎಕ್ಸ್-ಕಿರಣಗಳಲ್ಲಿ ಬೆಳಗುತ್ತಿದೆ. ಬೆಳಗುವ ವಸ್ತು ತನ್ನ ಶಾಖವನ್ನು ಕಳೆದುಕೊಳ್ಳುತ್ತಲೇ ಇರಬೇಕು. ಇಂಥ ಗುಚ್ಛಗಳ ನಡುವಿನ ಅನಿಲವು ನೂರು ಕೋಟಿ ವರ್ಷಗಳೊಳಗೆ ತಣಿದು, ವರ್ಷಕ್ಕೆ ನೂರಾರು ಸೂರ್ಯರಷ್ಟು ನಕ್ಷತ್ರಗಳಾಗಿ ಮಳೆಗರೆಯಬೇಕೆಂದು ಹಳೆಯ ಲೆಕ್ಕಗಳು ಹೇಳುತ್ತಿದ್ದುವು. ೧೯೯೯ರಲ್ಲಿ ಚಂದ್ರ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಎಂಬ ಎಕ್ಸ್-ಕಿರಣ ದೂರದರ್ಶಕಗಳು ಮೇಲೇರಿದ ತರುವಾಯ ನೋಡಿದರೆ, ತಣಿಯುತ್ತಿರುವ ಅನಿಲದ ರೋಹಿತರೇಖೆಗಳು ನಿರೀಕ್ಷಿಸಿದಷ್ಟು ಇಲ್ಲವೇ ಇಲ್ಲ! ಅನಿಲ ಒಂದು ಮಟ್ಟದವರೆಗೆ ತಣಿದು ಅಲ್ಲಿಯೇ ನಿಂತಿದೆ. ಯಾರೋ ಒಲೆಗೆ ಸೌದೆಯೊಟ್ಟುತ್ತಿದ್ದಾರೆ.

ಎಂ-೮೭ರ ನಡುವಿನಿಂದ ಬೆಳಕಿನ ನೇರವಾದ ಒಂದು ಎಳೆ ಹೊರಟಿರುವುದನ್ನು ಅಮೆರಿಕದ ಹೀಬರ್ ಕರ್ಟಿಸ್ ೧೯೧೮ರಲ್ಲಿಯೇ ಗುರುತಿಸಿದ್ದನು. ಅದರ ಉದ್ದ ಸುಮಾರು ೫,೦೦೦ ಜ್ಯೋತಿರ್ವರ್ಷ. ಅದು ಕೃಷ್ಣವಿವರದ ಬಳಿಯಿಂದ ಬೆಳಕಿಗೆ ಸಮೀಪವಾದ ವೇಗದಲ್ಲಿ ಚಿಮ್ಮುವ ಕಣಗಳ ಧಾರೆಯೆಂದು ಈಗ ತಿಳಿದಿದೆ. ಇಂಥ ಧಾರೆಗಳು ಬಿಸಿ ಅನಿಲದಲ್ಲಿ ದೊಡ್ಡ ಗುಳ್ಳೆಗಳನ್ನು ಊದುತ್ತವೆ. ಗುಳ್ಳೆಗಳು ಮೇಲೇರುತ್ತ ಸುತ್ತಣ ಅನಿಲವನ್ನು ಕಲಕಿ ಬೆಚ್ಚಗಿಡುತ್ತವೆ. ೨೪ ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಗುಚ್ಛದಲ್ಲಿ ಈ ಗುಳ್ಳೆಗಳೂ ಅವುಗಳಿಂದ ಹೊರಟ ತರಂಗಗಳೂ ಎಕ್ಸ್-ಕಿರಣ ಚಿತ್ರಗಳಲ್ಲಿ ಸ್ಪಷ್ಟವಾಗಿವೆ. ಅಲ್ಲಿನ ಅನಿಲ ಸೆಕೆಂಡಿಗೆ ಸುಮಾರು ೧೬೪ ಕಿಲೋಮೀಟರ್ ವೇಗದಲ್ಲಿ ಮೆಲ್ಲನೆ ಕದಡುತ್ತಿರುವುದನ್ನು ಜಪಾನಿನ ಹಿಟೋಮಿ ಉಪಗ್ರಹ ೨೦೧೬ರಲ್ಲಿ ಅಳೆಯಿತು. ಕೆಲವೇ ವಾರಗಳ ಬಾಳಿನಲ್ಲಿ ಇಷ್ಟನ್ನು ಸಾಧಿಸಿ ಕೆಟ್ಟುಹೋದ ಆ ಉಪಗ್ರಹದ ಅದೃಷ್ಟವನ್ನು ನೆನೆದರೆ ಮರುಕವಾಗುತ್ತದೆ.

ಆದರೆ ಒಲೆಯ ಉರಿ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇಷ್ಟು ಹದವಾಗಿರುವುದು ಹೇಗೆ? ಪ್ರತೀಕ್ ಶರ್ಮ ಮತ್ತು ಅಮೆರಿಕದ ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಲೆಕ್ಕ ಈ ವಿಷಯದಲ್ಲಿ ಬೆಲೆಯುಳ್ಳದ್ದು. ಅನಿಲದ ತುಣುಕೊಂದು ತಣಿಯಲು ಬೇಕಾದ ಕಾಲ ಒಂದು. ಅದು ಮೇಲಿನಿಂದ ನಡುವಿಗೆ ಬೀಳಲು ಬೇಕಾದ ಕಾಲ ಇನ್ನೊಂದು. ಮೊದಲನೆಯದು ಎರಡನೆಯದರ ಹತ್ತು ಪಟ್ಟಿಗಿಂತ ಬಹಳ ಹೆಚ್ಚಾಗಿದ್ದರೆ ಅನಿಲ ಬಿಸಿಯಾಗಿಯೇ ಉಳಿಯುತ್ತದೆ. ಸುಮಾರು ಹತ್ತು ಪಟ್ಟಿಗೆ ಇಳಿಯಿತೆಂದರೆ ಅಲ್ಲಲ್ಲಿ ತಂಪು ಹನಿಗಳು ಕಟ್ಟಿ ನಡುವಿಗೆ ಮಳೆಯಂತೆ ಸುರಿಯುತ್ತವೆ. ಆ ಹನಿಗಳನ್ನು ಕೃಷ್ಣವಿವರ ನುಂಗುತ್ತದೆ, ನುಂಗಿ ಧಾರೆಯನ್ನು ಉಗುಳುತ್ತದೆ, ಧಾರೆಯಿಂದ ಅನಿಲ ಮತ್ತೆ ಕಾಯುತ್ತದೆ, ಮಳೆ ನಿಲ್ಲುತ್ತದೆ, ಆಹಾರವಿಲ್ಲದೆ ಕೃಷ್ಣವಿವರ ಸುಮ್ಮನಾಗುತ್ತದೆ, ಅನಿಲ ಪುನಃ ತಣಿಯತೊಡಗುತ್ತದೆ. ಘಟ್ಟದ ಮೇಲೆ ಮೋಡ ಕವಿದೊಡನೆ ಯಾರೋ ಅದರ ಕೆಳಗೆ ಬೆಂಕಿ ಹಾಕಿ ಆವಿಯಾಗಿಸುವಂತಿದೆ ಈ ಏರ್ಪಾಡು. ಹನಿ ಒಂದೆರಡು ಬೀಳುತ್ತವೆ. ಮಳೆಗಾಲ ಮಾತ್ರ ಬರುವುದೇ ಇಲ್ಲ.

ಹೀಗೆ ಹೊರದೂಡುವಿಕೆ, ಬೆಚ್ಚಗಿಡುವಿಕೆ ಎರಡೂ ಬೇಕೆಂದು ನಮಗೆ ತೋರುತ್ತದೆ. ಮೊದಲನೆಯದು ಕ್ಷಿಪ್ರ, ರಭಸದ್ದು. ಎರಡನೆಯದು ನಿಧಾನ, ಆದರೆ ಎಡೆಬಿಡದ್ದು. ಆದಿಯಲ್ಲಿ ನಂದಿಸಿದ ಕೈ, ಆಮೇಲೆ ಹೊತ್ತದಂತೆ ಕಾಯುತ್ತಿರುವ ಕೈ ಒಂದೇ ಆಗಿರುವುದು ಅಸಂಭವವಲ್ಲ. ಆದರೆ ಎಲ್ಲ ಹೊರಹರಿವನ್ನೂ ಕೊಲೆಗಾರನೆಂದು ಹಿಡಿಯುವುದು ಅವಸರದ ಮಾತಾದೀತು. ಮಂಗಳೂರಿನಿಂದ ದಕ್ಷಿಣ ದಿಗಂತದ ಮೇಲೆ ಕಾಣಬಹುದಾದ ಸೆಂಟಾರಸ್-ಎ ಗೆಲಕ್ಸಿಯಲ್ಲಿ ಧಾರೆ ತಾಗಿದ ಅನಿಲ ಅದುಮಲ್ಪಟ್ಟು ಅಲ್ಲಿಯೇ ಹೊಸ ನಕ್ಷತ್ರಗಳು ಹುಟ್ಟಿರುವಂತಿದೆ. ಆಸ್ಟ್ರೋಸ್ಯಾಟಿನ ದೂರದರ್ಶಕ ಆ ಪ್ರದೇಶವನ್ನೂ ಚಿತ್ರಿಸಿದೆ. ಉರಿಯನ್ನು ನಂದಿಸುವ ಗಾಳಿಯೇ ಕೆಂಡವನ್ನು ಊದಿ ಎಬ್ಬಿಸುವುದೂ ಉಂಟು.

ನಮ್ಮ ಸ್ವಂತ ಮನೆಯಲ್ಲಿಯೂ ಈ ವಿವಾದವಿದೆ. ಆಕಾಶಗಂಗೆಯ ನಡುವಿನ ಕೃಷ್ಣವಿವರ ಸೂರ್ಯನ ೪೦ ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟ ಭಾರದ ಬಡಪಾಯಿ. ಈಗ ಮಲಗಿರುವಂತೆ ಸುಮ್ಮನಿದೆ. ಆದರೆ ಅದರ ಮೇಲಕ್ಕೂ ಕೆಳಕ್ಕೂ ೨೫,೦೦೦ ಜ್ಯೋತಿರ್ವರ್ಷಗಳಷ್ಟು ಚಾಚಿದ ಎರಡು ಮಹಾಗುಳ್ಳೆಗಳನ್ನು ಫರ್ಮಿ ದೂರದರ್ಶಕದ ಅಳತೆಗಳಲ್ಲಿ ೨೦೧೦ರಲ್ಲಿ ಪತ್ತೆಹಚ್ಚಿದರು. ಹಲವರು ಇವು ಕೃಷ್ಣವಿವರ ಹಿಂದೊಮ್ಮೆ ಎಚ್ಚತ್ತು ಗರ್ಜಿಸಿದುದರ ಗುರುತೆನ್ನುತ್ತಾರೆ. ಬೆಂಗಳೂರಿನ ಕಾರ್ತಿಕ್ ಸರ್ಕಾರ್, ಬಿಮನ್ ನಾಥ್ ಮತ್ತು ಪ್ರತೀಕ್ ಶರ್ಮ ೨೦೧೫ರಲ್ಲಿ ಬೇರೆ ವಾದವನ್ನು ಹೂಡಿದರು: ನಡುವಿನಲ್ಲಿ ಸದಾ ಹುಟ್ಟಿ ಸಿಡಿಯುತ್ತಿರುವ ನಕ್ಷತ್ರಗಳ ಮಾರುತವೇ ಕಳೆದ ಎರಡೂವರೆ ಕೋಟಿ ವರ್ಷಗಳಿಂದ ಮೆಲ್ಲಮೆಲ್ಲನೆ ಈ ಗುಳ್ಳೆಗಳನ್ನು ಊದಿರಬಹುದು. ಗುಳ್ಳೆಗಳೊಳಗಿನ ಅನಿಲದ ವೇಗವನ್ನೂ ಉಷ್ಣತೆಯನ್ನೂ ಇನ್ನಷ್ಟು ನಿಖರವಾಗಿ ಅಳೆದರೆ ಎರಡು ವಾದಗಳನ್ನು ಬೇರ್ಪಡಿಸಬಹುದು; ಏಕೆಂದರೆ ಗರ್ಜನೆಯ ಗುಳ್ಳೆ ವೇಗವಾಗಿ ಹಿಗ್ಗುತ್ತಿರಬೇಕು, ಉಸಿರಿನ ಗುಳ್ಳೆ ನಿಧಾನವಾಗಿ.